ಎಚ್‌ಎಂಟಿ ಜನತಾ: ವಾಚ್ ರಿಪೇರಿ ಕಲಿಯೋರು ಮೊದಲು ಬಿಚ್ಚಬೇಕಾದ ವಾಚ್

ಕಳೆದ ಎರಡು ವರ್ಷದಲ್ಲಿ ಏಳು ಎಚ್‌ಎಂಟಿ ಜನತಾ ಬಿಚ್ಚಿದ್ದೇನೆ. ಐದು ಚೆನ್ನಾಗಿ ಓಡುತ್ತಿವೆ. ಎರಡು ಬಿಡಿಭಾಗಕ್ಕೆ ಅಂತ ಡಬ್ಬಿಯಲ್ಲಿವೆ. ಹಳೇ ಕೀ ಕೊಡೋ ವಾಚ್ ರಿಪೇರಿ ಮಾಡೋದನ್ನು ಹವ್ಯಾಸವಾಗಿ ಕಲಿಯಬೇಕು, ಯಾವುದರಿಂದ ಶುರು ಮಾಡಲಿ ಅಂತ ಈಚೆಗೆ ನಾಲ್ಕೈದು ಜನ ಕೇಳಿದರು. ಎಲ್ಲರಿಗೂ ಜನತಾ ತಗೊಳ್ಳಿ ಅಂತಲೇ ಹೇಳಿದ್ದೇನೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಯಾವ ಜನತಾ ತಗೋಬಾರದು ಅನ್ನೋದನ್ನೂ ಬರೆಯುತ್ತೇನೆ, ಯಾಕೆಂದರೆ ನಾನು ದುಡ್ಡು ಕಳೆದುಕೊಂಡಿದ್ದು ಅಲ್ಲೇ.

ಶುರುವಾಗಿದ್ದು ನನ್ನ ಸೋದರಮಾವನ ವಾಚ್‌ನಿಂದ. ಅವರು ಮೇಷ್ಟ್ರಾಗಿದ್ದರು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ವಾಚ್ ಅದು. ಆಗೆಲ್ಲ ಅಳಿಯನಿಗೆ ಎಚ್‌ಎಂಟಿ ವಾಚ್ ಕೊಡೋದು ಅಂದರೆ ದೊಡ್ಡ ಮರ್ಯಾದೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಕೀ ಕೊಡುತ್ತಿದ್ದರು, ಆ ಕರಕರ ಸದ್ದು ನನಗೆ ಇನ್ನೂ ನೆನಪಿದೆ. ನಿಂತು ಹದಿನೈದು ವರ್ಷ ಆಗಿತ್ತು. ಬೀರುವಿನ ಲಾಕರ್‌ನಲ್ಲಿ ಅತ್ತೆಯ ಹಳೇ ಸರದ ಡಬ್ಬಿ ಜೊತೆ ಇಟ್ಟಿದ್ದರು. ಕೇಳಿದಾಗ, "ತಗೊಂಡು ಹೋಗೋ, ಹೆಂಗೂ ನಿಂತೋಗಿದೆ, ಕೆಟ್ರೂ ಪರವಾಗಿಲ್ಲ" ಅಂದರು. ಬಾಯಲ್ಲಿ ಹಾಗಂದರೂ ಕೊಡೋ ಮುಂಚೆ ಶರ್ಟಿನ ತುದಿಯಿಂದ ಗಾಜು ಒರೆಸಿದರು. ಅದನ್ನು ನೋಡಿದ ಮೇಲೆ ಆ ವಾಚನ್ನು ಮೊದಲು ಬಿಚ್ಚೋ ಧೈರ್ಯ ಬರಲಿಲ್ಲ. ಬೇರೆ ಜನತಾ ತಂದು ಕೈ ಪಳಗಿಸಿಕೊಂಡು, ಆಮೇಲೆ ಮಾವನದ್ದನ್ನು ಮುಟ್ಟೋಣ ಅಂತ ತೀರ್ಮಾನ ಮಾಡಿದೆ.

ಜನತಾ ಒಳಗಿರೋ ಮೂವ್‌ಮೆಂಟ್‌ನ, ಅಂದರೆ ವಾಚ್ ಓಡಿಸೋ ಯಂತ್ರದ, ನಂಬರು 0231. ಮೂಲ ಜಪಾನಿನ ಸಿಟಿಜನ್ ಕಂಪನಿಯದು. ಗಂಟೆ, ನಿಮಿಷ, ಸೆಕೆಂಡು, ಅಷ್ಟೇ. ತಾರೀಖಿಲ್ಲ, ವಾರ ಇಲ್ಲ, ಕೈ ಅಲುಗಿದರೆ ತಾನೇ ಕೀ ಆಗೋ ವ್ಯವಸ್ಥೆ ಇಲ್ಲ. ಕಲಿಯೋರಿಗೆ ಇದು ತುಂಬಾ ಒಳ್ಳೆಯದು, ಏಕೆಂದರೆ ಸ್ಪ್ರಿಂಗ್ ಇರೋ ಬ್ಯಾರೆಲ್‌ನಿಂದ ಹಿಡಿದು ಒಂದರ ಪಕ್ಕ ಒಂದು ಚಕ್ರ, ಕೊನೆಗೆ ಎಸ್ಕೇಪ್ ವೀಲ್, ಅದನ್ನು ಒಂದೊಂದೇ ಹಲ್ಲಿಗೆ ತಡೆದು ಬಿಡೋ ಪ್ಯಾಲೆಟ್ ಫೋರ್ಕ್, ಆಚೆ ಈಚೆ ತೂಗೋ ಬ್ಯಾಲೆನ್ಸ್ ವೀಲ್ ತನಕ ಶಕ್ತಿ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಗಂಟೆಗೆ 18,000 ಬಡಿತ. ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಇವತ್ತಿನ ಎಷ್ಟೋ ಮೆಕ್ಯಾನಿಕಲ್ ವಾಚ್‌ಗಳು ಗಂಟೆಗೆ 28,800 ಬಡಿತದವು, ಕಿವಿಗೆ ಹಿಡಿದರೆ ಒಂದೇ ಸಮನೆ ಗುಂಯ್ ಅನ್ನುತ್ತವೆ. ಜನತಾದಲ್ಲಿ ಒಂದೊಂದು ಟಿಕ್ಕೂ ಬಿಡಿಬಿಡಿಯಾಗಿ ಕೇಳುತ್ತದೆ.

ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿರುತ್ತಲ್ವಾ, ಒಳಗೆ ಹದಿನೇಳು ವಜ್ರ ಇದೆ ಅಂತ ನಂಬಿದವರು ನಮ್ಮೂರಲ್ಲಿ ಇದ್ದರು. ಅವು ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯದ ಹರಳುಗಳು, ಬೆಲೆ ಏನೂ ಇಲ್ಲ. ಕೆಲಸ ಮಾತ್ರ ದೊಡ್ಡದು. ಚಕ್ರದ ಅಕ್ಷದ ತುದಿ ಹಿತ್ತಾಳೆಯ ತೂತಿನಲ್ಲಿ ತಿರುಗಿದರೆ ತೂತು ಸವೆದು ಅಗಲವಾಗುತ್ತದೆ, ಹರಳಿನಲ್ಲಿ ತಿರುಗಿದರೆ ಸವೆಯಲ್ಲ. ಮಾಮೂಲಿ 17 ಜ್ಯುವೆಲ್ ವಾಚ್‌ನಲ್ಲಿ ಲೆಕ್ಕ ಹೀಗೆ: ನಾಲ್ಕು ಚಕ್ರಗಳಿಗೆ ಮೇಲೆ ಕೆಳಗೆ ಸೇರಿ ಎಂಟು, ಪ್ಯಾಲೆಟ್ ಫೋರ್ಕ್‌ನ ಅಕ್ಷಕ್ಕೆ ಎರಡು, ಅದರ ಎರಡು ಕೈಗಳಿಗೆ ಎರಡು, ಬ್ಯಾಲೆನ್ಸ್ ವೀಲ್‌ಗೆ ನಾಲ್ಕು, ಅದರ ಕೆಳಗಿನ ರೋಲರ್ ಅನ್ನೋ ಸಣ್ಣ ಬಿಲ್ಲೆಯಲ್ಲಿ ಒಂದು. ಮೊದಲ ಸಲ ಲೂಪ್ (ಕಣ್ಣಿಗೆ ಸಿಕ್ಕಿಸಿಕೊಳ್ಳೋ ಭೂತಗನ್ನಡಿ) ಹಾಕಿಕೊಂಡು ಇವುಗಳನ್ನು ಒಂದೊಂದಾಗಿ ಎಣಿಸಿ ಹದಿನೇಳು ಸಿಕ್ಕಾಗ ನನಗಾದ ಸಂತೋಷ ಹೇಳತೀರದು.

ಜನತಾ ಆರಿಸಿಕೊಳ್ಳೋಕೆ ಇನ್ನೊಂದು ದೊಡ್ಡ ಕಾರಣ ಬಿಡಿಭಾಗ. ಬೆಂಗಳೂರಿನಲ್ಲಿ 1953ರಲ್ಲಿ ಮೆಷಿನ್ ಟೂಲ್ಸ್ ಮಾಡೋಕೆ ಶುರುವಾದ ಕಾರ್ಖಾನೆ ಎಚ್‌ಎಂಟಿ. 1961ರಲ್ಲಿ ಸಿಟಿಜನ್ ಜೊತೆ ಸೇರಿ ವಾಚ್ ಶುರು ಮಾಡಿದರು. ಜೋಡಣೆ ಮಾಡುತ್ತಿದ್ದವರಲ್ಲಿ ಹೆಣ್ಣುಮಕ್ಕಳು ತುಂಬಾ ಜನ. ಆಮೇಲೆ ತುಮಕೂರಿನಲ್ಲೂ ವಾಚ್ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು, ತುಮಕೂರಿನ ಜಾಗ ಇಸ್ರೋಗೆ ಹೋಯಿತು. ಅಷ್ಟರಲ್ಲಿ ದೇಶದ ಮೂಲೆಮೂಲೆಗೆ ಈ ವಾಚ್ ತಲುಪಿಯಾಗಿತ್ತು. ಹಾಗಾಗಿ ಒಂದು ಜನತಾದಲ್ಲಿ ಚಕ್ರ ಮುರಿದರೆ ಇನ್ನೊಂದು ಸತ್ತ ಜನತಾದಿಂದ ತೆಗೆದು ಹಾಕಬಹುದು. ಸ್ವಿಸ್ ವಾಚ್ ಬಿಚ್ಚಿ ಒಂದು ಸ್ಕ್ರೂ ಕಳೆದುಕೊಂಡರೆ ತಿಂಗಳುಗಟ್ಟಲೆ ಹುಡುಕಬೇಕು. ಜನತಾದಲ್ಲಿ ಆ ಭಯ ಇಲ್ಲ. ಭಯ ಇಲ್ಲದೆ ಕಲಿತರೆ ಕೈ ನಡುಗಲ್ಲ. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ಮ್ಯೂಸಿಯಂ ಶುರುವಾಗಿದೆ, ಈ ಹವ್ಯಾಸಕ್ಕೆ ಇಳಿಯೋರು ಒಮ್ಮೆ ಹೋಗಿ ಬನ್ನಿ.

ಈಗ ಕೊಳ್ಳೋ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಾನು ಮೊದಲು ತರಿಸಿದ್ದು ಆನ್‌ಲೈನ್‌ನಲ್ಲಿ. ಫುಲ್ ಸರ್ವೀಸ್ ಆಗಿದೆ, ಹೊಸದರ ಥರ ಇದೆ ಅಂತ ಮಾರುವವನು ಬರೆದಿದ್ದ. 1,150 ರೂಪಾಯಿ. ಬಂದಾಗ ಫಳಫಳ ಹೊಳೆಯುತ್ತಿತ್ತು, ಡಯಲ್ ಗಿಳಿ ಹಸಿರು. ಎರಡು ದಿನ ಕಟ್ಟಿದೆ. ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡಿತು. ಹಿಂಬದಿ ಮುಚ್ಚಳ ತೆಗೆದರೆ ಒಳಗೆಲ್ಲ ಎಣ್ಣೆ, ಬಾಣಲೆಗೆ ಸುರಿದ ಹಾಗೆ. ಬ್ಯಾಲೆನ್ಸ್ ವೀಲನ್ನು ತೂಗಿಸೋ ಕೂದಲಿನಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್, ಎಣ್ಣೆಯಲ್ಲಿ ನೆಂದು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೆ ಅಂಟಿದರೆ ಸ್ಪ್ರಿಂಗ್ ಉದ್ದ ಕಡಿಮೆಯಾದಂತೆ ಆಗಿ ವಾಚ್ ಜೋರಾಗಿ ಓಡುತ್ತದೆ. ಸ್ಕ್ರೂ ತಲೆಗಳು ಕಿತ್ತು ಹೋಗಿದ್ದವು, ಒಂದು ಸ್ಕ್ರೂ ಇರಲೇ ಇಲ್ಲ. ಡಯಲ್‌ಗೆ ಮತ್ತೆ ಬಣ್ಣ ಬಳಿದಿದ್ದರು, ಲೂಪ್‌ನಲ್ಲಿ ನೋಡಿದರೆ ಅಕ್ಷರಗಳ ಅಂಚು ಹರಡಿಕೊಂಡಿತ್ತು. ವಾಪಸ್ ತಗೊಳ್ಳಿ ಅಂದೆ, ಆಗಲ್ಲ ಅಂದುಬಿಟ್ಟ. ಬಹಳ ಬೇಜಾರಾಯಿತು. ದುಡ್ಡಿಗಿಂತ ಜಾಸ್ತಿ, ಒಂದು ಒಳ್ಳೇ ಡಯಲ್ ಮೇಲೆ ಹಾಗೆ ಬಣ್ಣ ಬಳಿದರಲ್ಲ ಅಂತ.

ಎರಡನೆಯದು ಸಿಕ್ಕಿದ್ದು ತುಮಕೂರಿನ ಒಂದು ಹಳೇ ರಿಪೇರಿ ಅಂಗಡಿಯಲ್ಲಿ. ಅಂಗಡಿ ಅಂದರೆ ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ, ಒಂದು ಟೇಬಲ್ ಲ್ಯಾಂಪು, ಒಬ್ಬರು ಯಜಮಾನರು. ವಾರಸುದಾರರು ಬರದೇ ಉಳಿದ ವಾಚ್‌ಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದರು. ಕೊಳೆ ಹಿಡಿದ, ನಿಂತುಹೋದ, ಡಯಲ್ ಹಳದಿಯಾದ ಒಂದು ಜನತಾ ಎತ್ತಿದೆ. 400 ರೂಪಾಯಿ ಕೇಳಿದರು. "ಓಡುತ್ತಾ ಯಜಮಾನ್ರೇ?" ಅಂದೆ. ವಾಚ್ ಬಿಚ್ಚಿ ಬೆಳಕಿಗೆ ಹಿಡಿದು ಮೆತ್ತಗೆ ಅಲ್ಲಾಡಿಸಿದರು. ಬ್ಯಾಲೆನ್ಸ್ ವೀಲ್ ಸಲೀಸಾಗಿ ಆಚೆ ಈಚೆ ತೂಗಿತು. "ನೋಡು ತಮ್ಮಾ, ಉಸಿರಾಡ್ತಾ ಇದೆ. ಬರೀ ಕೊಳೆ ಇದರದ್ದು, ರೋಗ ಇಲ್ಲ" ಅಂದರು. ಅಷ್ಟು ಸರಳ ಪರೀಕ್ಷೆ. ಈಗ ನಾನೂ ಮೊದಲು ಅದನ್ನೇ ಮಾಡೋದು. ಬ್ಯಾಲೆನ್ಸ್ ವೀಲ್ ತೂಗಿದರೆ ಅದರ ಅಕ್ಷ ಮುರಿದಿಲ್ಲ ಅನ್ನೋದಕ್ಕೆ ಒಳ್ಳೇ ಸೂಚನೆ, ಉಳಿದಿದ್ದೆಲ್ಲ ಸಾಮಾನ್ಯವಾಗಿ ಸರಿ ಮಾಡಬಹುದು.

ಇನ್ನು ನಾನು ನೋಡೋದು ಸ್ಕ್ರೂಗಳ ತಲೆ. ಗೀರು ಇಲ್ಲದಿದ್ದರೆ ಒಳಗೆ ಕೈ ಹಾಕಿದವರು ಕೆಲಸ ಗೊತ್ತಿದ್ದವರು. ಮುಚ್ಚಳದ ಒಳಮೈ ನೋಡೋದನ್ನೂ ಮರೆಯಬೇಡಿ. ಹಿಂದಿನ ರಿಪೇರಿಯವರು ಸರ್ವೀಸ್ ಮಾಡಿದಾಗ ಸೂಜಿಯಿಂದ ಸಣ್ಣಗೆ ಗುರುತು ಗೀಚುತ್ತಿದ್ದರು. ಮಾವನ ವಾಚ್‌ನಲ್ಲಿ ಅಂಥ ಮೂರು ಗೀಚು ಇವೆ. ಯಾರೋ ಕಾಲಕಾಲಕ್ಕೆ ನೋಡಿಕೊಂಡಿದ್ದಾರೆ ಅಂತ ಅರ್ಥ. ಹಳದಿ ಡಯಲ್, ಮಸುಕು ಗಾಜು ಇವೆಲ್ಲ ತೊಂದರೆಯೇ ಅಲ್ಲ. ಹೊಳೆಯೋ ಗುಲಾಬಿ, ನೇರಳೆ ಡಯಲ್ ಕಂಡರೆ ಬಿಟ್ಟುಬಿಡಿ.

ಸಲಕರಣೆಗೆ ನಾನು ಶುರುವಿನಲ್ಲಿ ಖರ್ಚು ಮಾಡಿದ್ದು ಸುಮಾರು 4,500 ರೂಪಾಯಿ. ಇದರಲ್ಲಿ ಸ್ಕ್ರೂಡ್ರೈವರ್ ಮತ್ತು ಟ್ವೀಜರ್‌ಗೆ ಕಂಜೂಸಿ ಮಾಡಬೇಡಿ. ನಾನು ಮೊದಲು ತಗೊಂಡ ಅಗ್ಗದ ಸೆಟ್‌ನ ತುದಿಗಳು ಮೊದಲ ವಾರವೇ ಬಾಗಿದವು, ಬಾಗಿದ ತುದಿ ಸ್ಕ್ರೂ ತಲೆಯನ್ನು ತಿನ್ನುತ್ತದೆ. ಸ್ವಿಟ್ಜರ್ಲೆಂಡಿನ ಬರ್ಜಾನ್ ಕಂಪನಿಯದು ಚೆನ್ನಾಗಿದೆ, ದುಬಾರಿ, ಪೂರ್ತಿ ಸೆಟ್ ಬೇಡ, 0.8, 1.0, 1.2, 1.4 ಮಿಲಿಮೀಟರಿನ ನಾಲ್ಕು ಬಿಡಿಯಾಗಿ ತಗೊಂಡರೆ ಬಹಳ ದಿನ ನಡೆಯುತ್ತದೆ. ಒಂದು ಲೂಪ್, ಮೂವ್‌ಮೆಂಟ್ ಹಿಡಿಯೋ ಸಣ್ಣ ಸ್ಟ್ಯಾಂಡ್, ಮುಳ್ಳು ಎತ್ತೋ ಲಿವರ್, ಗಾಳಿ ಊದೋ ರಬ್ಬರ್ ಬುಗ್ಗೆ ಬೇಕು. ಬಿಚ್ಚಿದ ಭಾಗ ಇಡೋಕೆ ನಾನು ಹಳೇ ಮಿನಿ ಇಡ್ಲಿ ತಟ್ಟೆ ಬಳಸುತ್ತೇನೆ. ಒಂದೊಂದು ಗುಳಿಗೆ ಒಂದೊಂದು ಭಾಗ, ಅದರ ಸ್ಕ್ರೂ ಅದರ ಜೊತೆಗೇ. ಬಿಚ್ಚಿದ ಕ್ರಮದಲ್ಲೇ ಇಟ್ಟುಕೊಂಡು ಹೋದರೆ ವಾಪಸ್ ಕಟ್ಟುವಾಗ ಗೊಂದಲ ಇಲ್ಲ. ಪ್ರತಿ ಹಂತಕ್ಕೂ ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಕೂರುವ ಮುಂಚೆ ಫ್ಯಾನ್ ಆಫ್ ಮಾಡಿ. ತೊಡೆ ಮೇಲೆ ಬಿಳಿ ಪಂಚೆ ಹರಡಿ ಅದರ ಇನ್ನೊಂದು ಅಂಚನ್ನು ಮೇಜಿಗೆ ಕ್ಲಿಪ್ ಹಾಕಿ. ಬಿದ್ದಿದ್ದೆಲ್ಲ ಪಂಚೆಯಲ್ಲಿ ಸಿಗುತ್ತದೆ. ಇದನ್ನು ಹೇಳಿಕೊಟ್ಟಿದ್ದು ಅದೇ ಯಜಮಾನರು. ಎರಡನೇ ವಾಚ್‌ನಲ್ಲಿ ಪ್ಯಾರಾಶಾಕ್‌ನ ಸ್ಪ್ರಿಂಗ್ ತೆಗೆಯುವಾಗ ಟ್ವೀಜರ್‌ನಿಂದ ಹಾರಿತು. ಪ್ಯಾರಾಶಾಕ್ ಅಂದರೆ ವಾಚ್ ಕೆಳಗೆ ಬಿದ್ದಾಗ ಬ್ಯಾಲೆನ್ಸ್ ವೀಲ್‌ನ ಕೂದಲಂಥ ಅಕ್ಷ ಮುರಿಯದ ಹಾಗೆ ಹರಳು ಚೂರು ಜರುಗಿ ಮತ್ತೆ ಜಾಗಕ್ಕೆ ಬರೋ ವ್ಯವಸ್ಥೆ. ಹರಳನ್ನು ಹಿಡಿದಿಡೋ ಸ್ಪ್ರಿಂಗ್ ಎಳ್ಳು ಕಾಳಿನಷ್ಟು. ಎರಡು ಗಂಟೆ ಟಾರ್ಚ್ ಹಿಡಿದು ನೆಲ ಹುಡುಕಿದೆ, ಸಿಗಲಿಲ್ಲ. ಆಮೇಲಿಂದ ಅದೊಂದು ಕೆಲಸ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿಯೇ ಮಾಡೋದು. ಹಾರಿದರೂ ಕವರ್ ಒಳಗೇ ಇರುತ್ತದೆ.

ಇನ್ನೊಂದು ಕಡ್ಡಾಯ. ಬಿಚ್ಚೋಕೆ ಮುಂಚೆ ಮುಖ್ಯ ಸ್ಪ್ರಿಂಗ್‌ನಲ್ಲಿರೋ ಕೀ ಇಳಿಸಿ. ಕ್ರೌನ್ (ಕೀ ಕೊಡೋ ಗುಂಡಿ) ಹಿಡಿದುಕೊಂಡು, ತಡೆ ಹಿಡಿಯೋ ಕ್ಲಿಕ್ಕನ್ನು ಸರಿಸಿ, ಕ್ರೌನ್ ನಿಧಾನವಾಗಿ ಬೆರಳ ನಡುವೆ ಹಿಂದಕ್ಕೆ ತಿರುಗೋಕೆ ಬಿಡಬೇಕು. ಕೀ ತುಂಬಿದ್ದಾಗಲೇ ಪ್ಯಾಲೆಟ್ ಫೋರ್ಕ್ ತೆಗೆದರೆ ಚಕ್ರಗಳೆಲ್ಲ ಒಂದೇ ಸಲ ಗಿರ್ರಂತ ತಿರುಗಿ ಹಲ್ಲೋ ಅಕ್ಷವೋ ಮುರಿಯಬಹುದು. ಹಾಗೇ ಎಷ್ಟೋ ವಾಚ್‌ಗಳಲ್ಲಿ ಕ್ರೌನ್ ವೀಲ್‌ನ (ಕೀ ಕೊಡುವಾಗ ತಿರುಗೋ ಒಂದು ಚಕ್ರದ) ಸ್ಕ್ರೂ ಉಲ್ಟಾ ತಿರುಪಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಇನ್ನೊಂದು ಕಡೆಗೆ ತಿರುಗಿಸಿ ನೋಡಿ.

ತೊಳೆಯೋದರ ಬಗ್ಗೆ ಒಂದು ಮಾತು. ನಮ್ಮ ಕಡೆ ರಿಪೇರಿಯವರು ಮೊದಲಿಂದಲೂ ಪೆಟ್ರೋಲ್‌ನಲ್ಲಿ ತೊಳೆಯುತ್ತಾರೆ. ನಾನು ಲೈಟರ್‌ಗೆ ಹಾಕೋ ದ್ರವ ಬಳಸುತ್ತೇನೆ, ಕಿಟಕಿ ತೆಗೆದು, ಅಡುಗೆಮನೆಯಿಂದ ದೂರ ಕೂತು. ಕೆಲವರು ಸ್ಪಿರಿಟ್‌ನಲ್ಲಿ ಎಲ್ಲವನ್ನೂ ಮುಳುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಪ್ಯಾಲೆಟ್ ಫೋರ್ಕ್‌ನ ಹರಳುಗಳನ್ನು, ಬ್ಯಾಲೆನ್ಸ್‌ನ ರೋಲರ್ ಹರಳನ್ನು ಕೂರಿಸಿರೋದು ಅರಗಿನಲ್ಲಿ. ಹೌದು, ನಮ್ಮ ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುತ್ತಲ್ವಾ, ಅದೇ ಅರಗು, ಸೋಸಿ ಶುದ್ಧ ಮಾಡಿದ್ದು. ಸ್ಪಿರಿಟ್‌ನಲ್ಲಿ ಅದು ಕರಗುತ್ತದೆ. ಹರಳು ಒಂದು ಕೂದಲೆಳೆ ಜರುಗಿದರೂ ವಾಚ್ ಕೆಟ್ಟಂತೆಯೇ.

ಎಣ್ಣೆ ಹಾಕೋದು ಈ ಹವ್ಯಾಸದಲ್ಲಿ ಅತಿ ಕಷ್ಟದ ಭಾಗ, ನನಗೆ ಅತಿ ಇಷ್ಟದ್ದೂ ಅದೇ. ಮೋಬಿಯಸ್ 9010 ತೆಳು ಎಣ್ಣೆ, ಬೇಗ ತಿರುಗೋ ಸಣ್ಣ ಅಕ್ಷಗಳಿಗೆ. ನಿಧಾನ ತಿರುಗೋ, ಭಾರ ಹೊರೋ ಜಾಗಕ್ಕೆ ದಪ್ಪ ಎಣ್ಣೆ ಬೇರೆ. ಒಂದು ಪುಟ್ಟ ಬಾಟಲಿಗೆ ಕೊಡೋ ದುಡ್ಡಿಗೆ ತಿಂಗಳ ಅಡುಗೆ ಎಣ್ಣೆ ಬರುತ್ತದೆ, ಆದರೆ ವರ್ಷಗಟ್ಟಲೆ ಮುಗಿಯಲ್ಲ. ಹರಳಿನ ಮಧ್ಯೆ ಒಂದು ಬಟ್ಟಲಿನಂಥ ತಗ್ಗು ಇರುತ್ತದೆ, ಅದರ ಅರ್ಧ ತುಂಬಿದರೆ ಸಾಕು. ತುಂಬಿ ಚೆಲ್ಲಿದರೆ ಎಣ್ಣೆ ಹರಿದು ಹೋಗಿ ಹರಳು ಒಣಗುತ್ತದೆ. ಪ್ಯಾಲೆಟ್ ಫೋರ್ಕ್‌ನ ಅಕ್ಷಕ್ಕೆ ಎಣ್ಣೆಯೇ ಬೇಡ. ಹೇರ್‌ಸ್ಪ್ರಿಂಗ್‌ಗಂತೂ ಒಂದು ಹನಿಯೂ ಸೋಕಬಾರದು. ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಿದ ವಾಚ್‌ಗಳನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಅಜ್ಜನ ಕಾಲದ ಸ್ವಿಸ್ ವಾಚ್ ಬಿಚ್ಚೋರಿಗೆ ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯೋ ಏನನ್ನೇ ಕಂಡರೂ ನಾವು ರೇಡಿಯಂ ಅಂತೀವಿ, ಬೈಕಿನ ಸ್ಟಿಕ್ಕರ್‌ಗೂ ಅದೇ ಹೆಸರು. ಆದರೆ 1950ರ ದಶಕ ಮತ್ತು ಅದಕ್ಕೂ ಹಿಂದಿನ ಎಷ್ಟೋ ವಾಚ್‌ಗಳ ಮುಳ್ಳಿನ ಮೇಲೆ ನಿಜವಾದ ರೇಡಿಯಂ ಇರುತ್ತಿತ್ತು. ಅದನ್ನು ಕೆರೆಯಬೇಡಿ, ಪುಡಿ ಊದಬೇಡಿ, ಅಂಥ ವಾಚ್ ಗೊತ್ತಿರೋರ ಕೈಗೆ ಕೊಡಿ.

ಜನತಾದ ಕೊರತೆಗಳನ್ನೂ ಹೇಳಬೇಕು. ನೀರು ತಡೆಯಲ್ಲ. ಮಳೆಯಲ್ಲಿ, ಪಾತ್ರೆ ತೊಳೆಯುವಾಗ ಕಟ್ಟಿಕೊಳ್ಳಬೇಡಿ. ಗಾತ್ರ ಸುಮಾರು 35 ಮಿಲಿಮೀಟರ್, ಈಗಿನ ದೊಡ್ಡ ವಾಚ್ ಕಟ್ಟಿ ರೂಢಿ ಇರೋರಿಗೆ ಸಣ್ಣದು ಅನ್ನಿಸಬಹುದು, ನನ್ನ ತೆಳು ಮಣಿಕಟ್ಟಿಗೆ ಅಳತೆ ತಗೊಂಡು ಮಾಡಿದಂತಿದೆ. ಕೇಸ್‌ನ ಕ್ರೋಮ್ ಲೇಪ ಬೆವರಿಗೆ ಎದ್ದುಹೋಗಿದ್ದರೆ ಮನೆಯಲ್ಲಿ ಸರಿ ಮಾಡೋಕೆ ದಾರಿ ಇಲ್ಲ, ಹಾಗೇ ಬಿಡೋದು. ಗಾಜು ಮಾತ್ರ ಸುಲಭ. ಅದು ಅಕ್ರಿಲಿಕ್, ಬ್ರಾಸೋ ಹಾಕಿ ಹತ್ತಿಯಿಂದ ಹತ್ತು ನಿಮಿಷ ಉಜ್ಜಿದರೆ ಸಣ್ಣ ಗೀರುಗಳು ಮಾಯ. ಬ್ಯಾಟರಿಯ ಕ್ವಾರ್ಟ್ಸ್ ವಾಚ್‌ನಷ್ಟು ಸರಿಯಾದ ಟೈಮ್ ಇದರಿಂದ ನಿರೀಕ್ಷೆ ಮಾಡಬೇಡಿ.

ಮಾವನ ವಾಚ್ ನಾಲ್ಕನೆಯದಾಗಿ ಬಿಚ್ಚಿದೆ. ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ. ಒಳಗೆ ಏನೂ ಮುರಿದಿರಲಿಲ್ಲ. ಎಣ್ಣೆ ಒಣಗಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಆಗಿತ್ತು. ಮುಖ್ಯ ಸ್ಪ್ರಿಂಗ್ ಸೋತಿತ್ತು, ಅದನ್ನು ಮಾತ್ರ ಡಬ್ಬಿಯಲ್ಲಿದ್ದ ಇನ್ನೊಂದು ಜನತಾದಿಂದ ಹಾಕಿದೆ. ಆ ಗಿಳಿ ಹಸಿರು ವಾಚ್‌ನಿಂದಲೇ. ಎಲ್ಲ ಕಟ್ಟಿ ಕೊನೆಗೆ ಬ್ಯಾಲೆನ್ಸ್ ಇಳಿಸಿದಾಗ, ಸ್ಕ್ರೂ ಬಿಗಿಯೋ ಮುಂಚೆಯೇ ಅದು ತಾನಾಗಿ ತೂಗೋಕೆ ಶುರು ಮಾಡಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಾ ಕೂತೆ. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ವಾಚ್‌ನ ಬಡಿತ ಅಳೆಯೋ ಟೈಮ್‌ಗ್ರಾಫರ್ ನನ್ನ ಹತ್ತಿರ ಆಗ ಇರಲಿಲ್ಲ, ಸ್ನೇಹಿತರದ್ದು ತಂದು ಇಟ್ಟೆ. ಶುರುವಿನಲ್ಲಿ ನೀವೂ ಕೊಳ್ಳಬೇಡಿ, ಟಿಕ್ ಕೇಳಿ ಲೆಕ್ಕ ಹಾಕೋ ಫೋನ್ ಆ್ಯಪ್‌ಗಳು ಸಾಕು. ಡಯಲ್ ಮೇಲ್ಮುಖವಾಗಿ ಇಟ್ಟಾಗ ಬ್ಯಾಲೆನ್ಸ್ 265 ಡಿಗ್ರಿ ತೂಗುತ್ತಿತ್ತು. ಇಷ್ಟು ಹಳೇ ವಾಚ್‌ಗೆ ಇದು ತುಂಬಾ ಆರೋಗ್ಯ. ವಾಚ್‌ನ ವೇಗ ಹೆಚ್ಚು ಕಡಿಮೆ ಮಾಡೋ ರೆಗ್ಯುಲೇಟರ್ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುತ್ತಾ, ಒಂದು ದಿನ ಕಾಯುತ್ತಾ, ಮತ್ತೆ ಸರಿಸುತ್ತಾ ಒಂದು ವಾರ ಕಳೆದೆ. ಕೊನೆಗೆ ದಿನಕ್ಕೆ 12 ಸೆಕೆಂಡು ಮುಂದೆ ಅನ್ನೋ ಮಟ್ಟಕ್ಕೆ ಬಂತು. ಗಾಜಿನ ಮೇಲಿನ ಒಂದು ಆಳವಾದ ಗೀರನ್ನು ಮಾತ್ರ ಹಾಗೇ ಬಿಟ್ಟೆ, ಅದು ಸ್ಕೂಲಿನ ಗೇಟಿಗೆ ತಗುಲಿದ್ದು ಅಂತ ಮಾವ ಯಾವಾಗಲೋ ಹೇಳಿದ್ದರು.

ಹೊಸ 18 ಮಿಲಿಮೀಟರ್ ಚರ್ಮದ ಬೆಲ್ಟ್ ಹಾಕಿಸಿಕೊಂಡು ಊರಿಗೆ ಹೋದೆ. ಮಾವ ಡಯಲ್ ನೋಡಲೇ ಇಲ್ಲ, ಮೊದಲು ಕಿವಿಗೆ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಗೋಡೆ ಗಡಿಯಾರ ನೋಡಿ, ಕ್ರೌನ್ ಎಳೆದು, ಮುಳ್ಳನ್ನು ಸರಿಯಾಗಿ ಐದು ನಿಮಿಷ ಮುಂದೆ ಇಟ್ಟುಕೊಂಡರು. "ಎಂಟೂಕಾಲಿನ ಬಸ್ಸು ತಪ್ಪಬಾರದಲ್ಲೋ" ಅಂದರು. ರಿಟೈರ್ ಆಗಿ ಹದಿನೆಂಟು ವರ್ಷ ಆಗಿದೆ ಅವರಿಗೆ.